ಕಂಡಕ್ಟರ್ ಪ್ರೇಮಲೀಲಾ ಹುಡುಕಿದ ಮಕ್ಕಳು

ಪ್ರೇಮಲೀಲಾ ಮೈಸೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಬಸ್ಸು ಎಷ್ಟೇ ತುಂಬಿರಲಿ, ಬಾಗಿಲಲ್ಲಿ ನೇತಾಡುವವನಿಗೂ ಕೇಳಿಸುವಂಥ ಗಂಟಲು. ಮನೆಯಲ್ಲಿ ಮಾತ್ರ ಆಕೆಯ ಮಾತು ಕಡಿಮೆ. ಸಿದ್ಧಾರ್ಥನಗರದ ಆ ಬಾಡಿಗೆ ಮನೆಯಲ್ಲಿ ಮಾತೆಲ್ಲ ಮಗಳು ಲಾಸ್ಯಳದು. ಟೈಲ್ಸ್ ಹಾಕುವ ಗಂಡ ಪ್ರಸನ್ನ ಸಂಜೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಶಾಲೆಯ ಸುದ್ದಿಯಷ್ಟೂ ಅವನ ಕಿವಿಗೆ ಬಿದ್ದಿರುತ್ತಿತ್ತು.

ಲಾಸ್ಯ ಏಳನೇ ತರಗತಿಯಲ್ಲಿದ್ದಾಗ ಅವಳ ಕೈಯಿಂದ ವಸ್ತುಗಳು ಬೀಳತೊಡಗಿದವು. ಲೋಟ, ಪೆನ್ನು, ಬಾಯಿಗಿಡಬೇಕಾದ ಇಡ್ಲಿಯ ಚೂರು. ಯಾರೋ ಹಿಂದಿನಿಂದ ತಟ್ಟಿದಂತೆ ತಲೆ ಒಮ್ಮೆಲೇ ಕುಸಿದು ಮತ್ತೆ ಮೇಲೇಳುತ್ತಿತ್ತು. ಶಾಲೆಯವರು ಹುಡುಗಾಟ ಎಂದರು. ಒಬ್ಬ ಡಾಕ್ಟರು ಫಿಟ್ಸ್ ಎಂದು ಮಾತ್ರೆ ಕೊಟ್ಟರು. ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗಿ ಸಣ್ಣ ಕೂಡುವ ಲೆಕ್ಕಕ್ಕೂ ಸುಮ್ಮನೆ ಕೂತುಬಿಟ್ಟಾಗ, ಗಂಡ ಹೆಂಡತಿ ಹೆದರಿ ಅವಳನ್ನು ನರರೋಗ ತಜ್ಞರ ಬಳಿ ಕರೆದೊಯ್ದರು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅಲ್ಲಿನ ಡಾಕ್ಟರು ನಿಶ್ಚಿತಾ ಒಂದು ಪ್ರಶ್ನೆ ಕೇಳಿದರು.

"ಇವಳು ಕೂಸಾಗಿದ್ದಾಗ ದಡಾರ ಬಂದಿತ್ತಾ?"

ಬಂದಿತ್ತು. ಆಗ ಅವರು ಬೋಗಾದಿಯಲ್ಲಿ, ಕಟ್ಟಡದ ಕೂಲಿಯವರ ಶೆಡ್ಡುಗಳ ಪಕ್ಕದ ಒಂಟಿ ಕೋಣೆಯಲ್ಲಿದ್ದರು. ಕೂಸಿಗೆ ಇನ್ನೂ ಒಂಬತ್ತು ತಿಂಗಳು ತುಂಬಿರಲಿಲ್ಲ. ಬೇವಿನ ಸೊಪ್ಪು ಹಾಸಿ ಮಲಗಿಸಿದ್ದರು. ಗುಳ್ಳೆಗಳು ಇಳಿದು ಮೈ ತಿಳಿಯಾಗಿತ್ತು.

ಮೈ ತಿಳಿಯಾದರೂ ದಡಾರದ ವೈರಸ್ ಮೆದುಳಿನಲ್ಲಿ ಉಳಿದುಬಿಟ್ಟಿತ್ತು ಎಂದು ಡಾಕ್ಟರು ವಿವರಿಸಿದರು. ಎಲ್ಲೋ ಕೆಲವು ಮಕ್ಕಳಲ್ಲಿ ಹಾಗಾಗುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದು, ಆಮೇಲೆ ಮೆದುಳನ್ನು ಕೆಡಿಸುತ್ತಾ ಹೋಗುತ್ತದೆ. ಎಸ್‌ಎಸ್‌ಪಿಇ ಅಂತ ಹೆಸರು. ವಾಸಿ ಮಾಡುವ ಔಷಧಿ ಇಲ್ಲ.

"ನಾನು ಚುಚ್ಚುಮದ್ದು ಹಾಕಿಸ್ಲಿಲ್ಲ ಅಂತಾನಾ ಮೇಡಂ?" ಎಂದಳು ಪ್ರೇಮಲೀಲಾ.

"ಇಲ್ಲಮ್ಮ. ದಡಾರದ ಚುಚ್ಚುಮದ್ದು ಕೊಡೋದೇ ಒಂಬತ್ತು ತಿಂಗಳು ತುಂಬಿದ ಮೇಲೆ. ಇವಳಿಗೆ ಅದಕ್ಕೂ ಮುಂಚೆ ಬಂದ್ಬಿಟ್ಟಿದೆ. ಸುತ್ತಮುತ್ತ ಇದ್ದ ದೊಡ್ಡ ಮಕ್ಕಳಿಗೆ ಹಾಕಿಸಿದ್ದಿದ್ರೆ ಇವಳಿಗೆ ಅಂಟ್ತಿರಲಿಲ್ಲವೇನೋ."

"ಇಂಥ ಮಕ್ಕಳು ಎಷ್ಟು ಜನ ಇದ್ದಾರೆ?"

"ಗೊತ್ತಿಲ್ಲ. ನಮ್ಮ ಹತ್ರ ಬಂದೋರು ಮಾತ್ರ ಗೊತ್ತು. ಬೇರೆ ಆಸ್ಪತ್ರೆಯೋರು ನಮಗೆ ಹೇಳಲ್ಲ, ನಾವು ಅವರಿಗೆ ಹೇಳಲ್ಲ. ಹೇಳಿ ಅಂತ ಯಾರೂ ಕೇಳಿಲ್ಲ."

ಪ್ರಸನ್ನ ಕೆಲಸ ಬಿಟ್ಟು ಮಗಳ ಬಳಿ ಉಳಿದ. ಪ್ರೇಮಲೀಲಾ ಅತ್ತು ಅತ್ತು ಸಾಕಾಗಿ ಡ್ಯೂಟಿಗೆ ಮರಳಿದಳು. ಆಸ್ಪತ್ರೆಗೆ ಹೋದಾಗಲೆಲ್ಲ ಕಡಕೊಳದ ಕಡೆಯ ಸಣ್ಣಮಾದಯ್ಯ ಸಿಗುತ್ತಿದ್ದರು. ಮೊಮ್ಮಗ ಅಭಿಲಾಷನಿಗೂ ಇದೇ ಕಾಯಿಲೆ.

"ಊರಲ್ಲಿ ಗಾಳಿ ಮೆಟ್ಕೊಂಡದೆ ಅಂತಾರೆ ಕಣವ್ವ. ನಮ್ಮನೆ ತಾವ್ಕೆ ಮಕ್ಕಳ್ನೇ ಕಳಿಸಕಿಲ್ಲ" ಎಂದು ಹೇಳಿ ಆ ಮುದುಕ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಬಸ್ಸಿನಲ್ಲಿ ಒಬ್ಬಳು ತಾಯಿ ಎತ್ತಿಕೊಳ್ಳುವ ವಯಸ್ಸು ದಾಟಿದ ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಪ್ರೇಮಲೀಲಾ ಟಿಕೆಟ್ಟನ್ನು ಹುಡುಗನ ಕೈಗೇ ಕೊಟ್ಟಳು. ಕೈ ಬೆಚ್ಚಿತು, ಟಿಕೆಟ್ ಬಿತ್ತು. ಎತ್ತಿ ಕೊಟ್ಟರೆ ಮತ್ತೆ ಬಿತ್ತು, ಜೊತೆಗೆ ತಲೆ ಕುಸಿದು ಮೇಲೆದ್ದಿತು. ಪ್ರೇಮಲೀಲಾ ಆ ತಾಯಿಯ ಕಡೆಗೆ ಬಗ್ಗಿದಳು.

"ಎಲ್ಲಿಗೆ ಹೊರಟಿದ್ದೀರಮ್ಮ?"

"ತಾಯತ ಕಟ್ಟೋರ ಹತ್ರ."

"ಚಿಕ್ಕೋನಿದ್ದಾಗ ದಡಾರ ಆಗಿತ್ತಾ?"

ಪವಿತ್ರ ಎಂಬ ಆ ತಾಯಿ ಗಾಬರಿಯಾಗಿ ನೋಡಿದಳು. "ನಿಮಗೆಂಗೆ ಗೊತ್ತು?"

"ನನ್ನ ಮಗಳಿಗೂ ಹಿಂಗೇ ಆಗದೆ. ತಾಯತ ಕಟ್ಟಿಸ್ಕೊಳ್ಳಿ, ಬೇಡ ಅನ್ನಲ್ಲ. ನಾಳೆ ಬೆಳಿಗ್ಗೆ ಮಾತ್ರ ನನ್ನ ಜೊತೆ ಆಸ್ಪತ್ರೆಗೆ ಬನ್ನಿ."

ಪವಿತ್ರ ಬಂದಳು. ಅದೇ ಕಾಯಿಲೆ ಎಂದು ಗೊತ್ತಾಯಿತು.

ತಾನು ಓಡಾಡುವ ಒಂದು ಬಸ್ಸಿನಲ್ಲೇ ಒಂದು ಮಗು ಸಿಕ್ಕರೆ ಊರೊಳಗೆ ಇನ್ನೆಷ್ಟಿರಬಹುದು ಎಂಬ ಯೋಚನೆ ಪ್ರೇಮಲೀಲಾಳನ್ನು ಬಿಡಲಿಲ್ಲ. ಪವಿತ್ರ ಮತ್ತು ಸಣ್ಣಮಾದಯ್ಯನವರನ್ನು ಕರೆದುಕೊಂಡು ಆರೋಗ್ಯ ಇಲಾಖೆಯ ಕಚೇರಿಗೆ ಹೋದಳು. ಅವರು ಕೇಳಿದ್ದು ಇಷ್ಟೇ: ಈ ಕಾಯಿಲೆಯ ಮಗು ಯಾವ ಆಸ್ಪತ್ರೆಗೆ ಬಂದರೂ ಇಲಾಖೆಗೆ ತಿಳಿಸಬೇಕು, ಮಗು ಕೂಸಾಗಿದ್ದಾಗ ಇದ್ದ ಜಾಗಕ್ಕೆ ಹೋಗಿ ಅಲ್ಲಿ ಈಗಿರುವ ಮಕ್ಕಳಿಗೆ ಚುಚ್ಚುಮದ್ದು ಬಿದ್ದಿದೆಯೇ ನೋಡಬೇಕು.

ಅಧಿಕಾರಿ ಗೋವಿಂದರಾಜು ಕೂರಿಸಿ ಮಾತಾಡಿಸಿದರು. "ದಡಾರ ಬಂದ್ರೆ ವರದಿ ತರಿಸ್ಕೋತೀವಮ್ಮ. ಇದು ಹತ್ತು ವರ್ಷದ ಹಿಂದಿನ ದಡಾರ. ಅದೂ ಅಪರೂಪಕ್ಕೆ ಒಂದು."

"ಅಪರೂಪ ಅಂತ ಎಂಗೆ ಹೇಳ್ತೀರಿ ಸಾರ್, ಹುಡುಕಿದ್ದೀರಾ? ಸೀಟಲ್ಲೇ ಕೂತ್ಕೊಂಡು ಎಲ್ರೂ ಟಿಕೆಟ್ ತಗೊಂಡವ್ರೆ ಅಂದ್ರೆ ಚೆಕಿಂಗ್‌ನೋರು ನನ್ನ ಬುಟ್ಟಾರಾ?"

ಗೋವಿಂದರಾಜು ನಕ್ಕರು. ಉತ್ತರ ಮಾತ್ರ ಬದಲಾಗಲಿಲ್ಲ. ಮೇಲಿನಿಂದ ಆದೇಶ ಬರಬೇಕು ಎಂದರು.

ಮತ್ತೆ ಮತ್ತೆ ಹೋದರೂ ಅದೇ ಮಾತು. ಬೇಸತ್ತ ಸಣ್ಣಮಾದಯ್ಯ, "ಮಕ್ಕಳ್ನೇ ಎತ್ಕೊಂಡೋಗಿ ಆಪೀಸು ಮುಂದೆ ಮಲಗಿಸ್ಬುಡಮ ಕಣವ್ವ. ಆಗ ಗೊತ್ತಾಯ್ತದೆ" ಎಂದರು.

"ಬೇಡ ಮಾದಯ್ಯನೋರೇ. ನನ್ನ ಮಗಳನ್ನ ಬೀದೀಲಿ ಮಲಗಿಸಿ ತೋರಿಸಕ್ಕೆ ನನ್ನ ಕೈಲಾಗಲ್ಲ. ಅವರನ್ನೇ ಮನೆಗೆ ಕರೀತೀನಿ" ಎಂದಳು ಪ್ರೇಮಲೀಲಾ.

ಕರೆದಳು. ಅಚ್ಚರಿಯೆಂದರೆ, ಒಂದು ಭಾನುವಾರ ಗೋವಿಂದರಾಜು ಬಂದೇಬಿಟ್ಟರು. ಲಾಸ್ಯ ಹಾಸಿಗೆ ಹಿಡಿದಿದ್ದಳು. ಮೂಗಿನ ನಳಿಕೆಯಲ್ಲಿ ಗಂಜಿ. ಪ್ರಸನ್ನ ಮಗಳನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ಪೌಡರ್ ಹಚ್ಚುತ್ತಿದ್ದ.

"ಮಾತಾಡ್ತಾಳಾ?"

"ಮುಂಚೆ ಬಾಯಿ ಮುಚ್ತಾನೇ ಇರಲಿಲ್ಲ ಸಾರ್" ಎಂದ ಪ್ರಸನ್ನ.

ಗೋವಿಂದರಾಜು ತುಂಬ ಹೊತ್ತು ಕೂತಿದ್ದರು. ಹೊರಡುವ ಮುಂಚೆ, "ಬೋಗಾದಿಯ ಆ ಶೆಡ್ಡುಗಳು ಈಗಲೂ ಇವೆಯಾ?" ಎಂದು ಕೇಳಿದರು.

"ಅವಿಲ್ಲ ಸಾರ್. ಅಲ್ಲಿಂದ ಮುಂದೆ ಹೊಸವು ಎದ್ದವೆ. ಚಿಕ್ಕಮಕ್ಕಳೂ ಅವೆ" ಎಂದಳು ಪ್ರೇಮಲೀಲಾ.

ಆ ವಾರವೇ ಇಲಾಖೆಯ ದಾದಿಯರು ಅಲ್ಲಿಗೆ ಹೋದರು. ಒಂದೂ ಚುಚ್ಚುಮದ್ದು ಕಾಣದ ಮಕ್ಕಳು ಶೆಡ್ಡಿಗೊಬ್ಬರಂತೆ ಸಿಕ್ಕರು. ಗೋವಿಂದರಾಜು ಮೇಲಿನ ಆದೇಶಕ್ಕೆ ಕಾಯದೆ ಊರಿನ ಆಸ್ಪತ್ರೆಗಳ ಡಾಕ್ಟರುಗಳನ್ನು ಕರೆಸಿದರು. ಇಂಥ ಮಗು ಬಂದರೆ ತಿಳಿಸುತ್ತೇವೆಂದು ಎಲ್ಲರೂ ಒಪ್ಪಿದರು. ಕೆಲವೇ ತಿಂಗಳಲ್ಲಿ, ಯಾರೂ ಎಣಿಸಿರದಷ್ಟು ಮಕ್ಕಳ ಸುದ್ದಿ ಬಂತು. ಇಡೀ ರಾಜ್ಯಕ್ಕೆ ಇದೇ ನಿಯಮ ಬೇಕೆಂದು ಆ ಕುಟುಂಬಗಳು ಈಗ ಬೆಂಗಳೂರಿಗೆ ಅಲೆಯುತ್ತಿವೆ. ಅದಿನ್ನೂ ಆಗಿಲ್ಲ.

ಕಳೆದ ಚಳಿಗಾಲದಲ್ಲಿ ಲಾಸ್ಯ ಹೋದಳು. ಇನ್ನು ಪ್ರೇಮಲೀಲಾ ಇದನ್ನೆಲ್ಲ ಬಿಟ್ಟುಬಿಡುತ್ತಾಳೆ ಎಂದುಕೊಂಡವರೇ ಹೆಚ್ಚು. ತಿಥಿ ಕಳೆದ ಮೇಲೆ ಬಂದ ಮೊದಲ ವಾರದ ರಜೆಯಲ್ಲಿ ಆಕೆ ದಾದಿಯರ ಜೊತೆ ಬೋಗಾದಿಯ ಶೆಡ್ಡುಗಳ ಮುಂದೆ ನಿಂತಿದ್ದಳು.

ಯಾದಗಿರಿ ಕಡೆಯ ಒಬ್ಬಳು ಎಳೆಯ ತಾಯಿ ತನ್ನ ಹತ್ತು ತಿಂಗಳ ಕೂಸನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು. "ಬ್ಯಾಡ್ರಿ, ಕೂಸಿಗೆ ಜ್ವರ ಬರ್ತಾವ."

"ಒಂದಿನ ಬರುತ್ತೆ ಕಣಮ್ಮ, ಹೋಗುತ್ತೆ" ಎಂದು ಪ್ರೇಮಲೀಲಾ ಅವಳ ಪಕ್ಕ ಮರಳಿನ ಮೇಲೆ ಕೂತಳು.

"ನಿಮಗ ಎಷ್ಟ್ ಮಕ್ಕಳ್ರಿ?"

"ಒಬ್ಬಳೇ. ಲಾಸ್ಯ ಅಂತ" ಎಂದಳು ಪ್ರೇಮಲೀಲಾ. ಆಮೇಲೆ ನಡೆದದ್ದನ್ನೆಲ್ಲ ಬಸ್ಸಿನ ಗಂಟಲಿನಲ್ಲಲ್ಲ, ಮೆಲ್ಲಗೆ ಹೇಳಿದಳು. ಆ ಹುಡುಗಿ ಕೇಳುತ್ತಾ ಕೇಳುತ್ತಾ ಸೆರಗು ಸರಿಸಿ ಕೂಸನ್ನು ಆಕೆಯ ಮಡಿಲಿಗಿಟ್ಟಳು. ದಾದಿ ಸೂಜಿ ತಂದಳು. ಪ್ರೇಮಲೀಲಾ ಕೂಸಿನ ಪುಟ್ಟ ತೋಳನ್ನು ಅಲುಗಾಡದಂತೆ ಹಿಡಿದುಕೊಂಡಳು.