ಅತ್ತೆಯ ಮಂಗರಬಳ್ಳಿ ಎಣ್ಣೆ

ನಾನು ಅನುಮಾನದ ಪ್ರಾಣಿ ಎಂದು ಹೆತ್ತ ತಾಯಿಯೇ ಹೇಳುತ್ತಿದ್ದಳು. ಹಾಲಿನವನು ಅಳೆದ ಹಾಲಿಗೆ ಬೆರಳದ್ದಿ ನೋಡಿ, ಅವನ ಮುಖವನ್ನೂ ಒಮ್ಮೆ ನೋಡಿ, ಆಮೇಲೆ ಪಾತ್ರೆ ಒಳಗೆ ಒಯ್ಯುವವಳು ನಾನು. ಅಂಥವಳ ಮನೆಗೆ ಅತ್ತೆ ಬಂದು, ಅಡುಗೆಮನೆಯ ಬಾಗಿಲು ಹಾಕಿಕೊಂಡು ಎಣ್ಣೆ ಕಾಯಿಸಿದರೆ ಸುಮ್ಮನಿರುವುದು ಹೇಗೆ?

ಐವತ್ತರ ದಶಕದ ಮಾತು. ರಾಜಾಜಿನಗರದಲ್ಲಿ ಇನ್ನೂ ಸೈಟುಗಳಿಗೆ ಕಲ್ಲು ನೆಡುತ್ತಿದ್ದರು. ನಮ್ಮ ಬಾಡಿಗೆ ಮನೆಯ ಹಿಂದೆ ಹುರುಳಿ ಹೊಲ. ಯಜಮಾನರು ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದರು. ಮಾಗಡಿ ರಸ್ತೆಯಲ್ಲಿ ಸುರಿದಿದ್ದ ಜಲ್ಲಿಯ ಮೇಲೆ ಸೈಕಲ್ಲು ಜಾರಿ ಬಿದ್ದು ಅವರ ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಕೈ ಊದಿಕೊಂಡೇ ಇತ್ತು, ಬೆರಳು ಮಡಿಸಲು ಬರುತ್ತಿರಲಿಲ್ಲ. ಮಗ್ಗದಲ್ಲಿ ನೂಲು ಹರಿದರೆ ಕಣ್ಣು ಮಿಟುಕಿಸುವುದರೊಳಗೆ ಗಂಟು ಹಾಕಬೇಕು. ಮೇಸ್ತ್ರಿ ಮನೆಗೇ ಬಂದು, "ಇನ್ನೊಂದು ತಿಂಗಳು ನಿಮ್ಮ ಮಗ್ಗ ಹಿಡಿದಿಟ್ಟಿರ್ತೀನಿ. ಆಮೇಲೆ ಬೇರೆಯವರಿಗೆ ಕೊಡ್ಲೇಬೇಕಾಗುತ್ತೆ" ಎಂದು ಹೇಳಿ ಹೋದ.

ಸುದ್ದಿ ಮುಟ್ಟಿದ ಮೂರನೆಯ ದಿನ, ಕೆಂಗೇರಿ ಆಚೆಯ ಹಳ್ಳಿಯಿಂದ ಅತ್ತೆ ಬಂದರು. ಕುಕ್ಕೆಯಲ್ಲಿ ಮಂಗರಬಳ್ಳಿಯ ಹೊರೆ. ನಾಲ್ಕು ಮೂಲೆಯ ಕಾಂಡ, ಗೇಣಿಗೊಂದು ಗಿಣ್ಣು. ಮುರಿದ ಮೂಳೆಗೆ ಅದರ ಎಣ್ಣೆ ಬಿಟ್ಟರೆ ಬೇರೆ ಮದ್ದಿಲ್ಲ ಎಂದು ಅವರ ಕಡೆಯವರ ನಂಬಿಕೆ. ಮಾರನೆಯ ಬೆಳಿಗ್ಗೆ ನನ್ನ ಕೈಗೆ ಬಿಂದಿಗೆ ಕೊಟ್ಟು, "ನಲ್ಲಿ ಹತ್ರ ಹೋಗಿ ನಿಂತ್ಕೊಳಮ್ಮ. ಮದ್ದು ಕಾಸುವಾಗ ಯಾರೂ ನೋಡಬಾರದು, ಏನು ಹಾಕ್ದೆ ಅಂತ ಕೇಳಲೂಬಾರದು" ಎಂದರು.

ನಾನು ನಲ್ಲಿಗೆ ಹೋದೆನೇ? ಹೋಗಲಿಲ್ಲ. ಕಿಟಕಿಯ ಸಂದಿನಲ್ಲಿ ಕಣ್ಣಿಟ್ಟು ನಿಂತೆ. ಬಳ್ಳಿ ಜಜ್ಜಿ ಹಿಂಡಿದರು, ರಸವನ್ನು ಎಳ್ಳೆಣ್ಣೆಗೆ ಬೆರೆಸಿ ಸಣ್ಣ ಉರಿಯಲ್ಲಿಟ್ಟರು. ತುಂಬಾ ಹೊತ್ತಿನ ಮೇಲೆ ಬತ್ತಿಯೊಂದನ್ನು ಅದರಲ್ಲದ್ದಿ ಹಚ್ಚಿದರು. ಚಟಚಟ ಎನ್ನದೆ ಉರಿದಾಗ, ನೀರಿನಂಶ ಹೋಯಿತೆಂದು ಇಳಿಸಿದರು. ನಡುವೆ ಸೆರಗಿನ ಗಂಟಿನಿಂದ ತೆಗೆದು ಹಾಕಿದ್ದು ಏನೆಂಬುದು ಮಾತ್ರ ನನಗೆ ಕಾಣಲಿಲ್ಲ. ಆ ಕಾಣದ್ದೇ ನನ್ನ ತಲೆಯೊಳಗೆ ಕೂತುಬಿಟ್ಟಿತು.

ಅವತ್ತು ಅತ್ತೆಯ ಕೈಯೆಲ್ಲ ಕೆಂಪಗೆ ದದ್ದೆದ್ದಿತ್ತು. ಹಸಿ ಬಳ್ಳಿ ಮುಟ್ಟಿದರೆ ತುರಿಕೆ ಬರುತ್ತದೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಗ ಅದೂ ಒಂದು ಸಾಕ್ಷಿಯಾಯಿತು. ಪಕ್ಕದ ಮನೆಯಾಕೆಗೆ ಹೇಳಿದೆ. ಅವಳು ಉರಿಯುವ ಬೆಂಕಿಗೆ ತುಪ್ಪ ಸುರಿಯುವವಳು. "ಗಂಡಸರನ್ನ ವಶ ಮಾಡ್ಕೊಳ್ಳೋ ಬೇರು ಇರುತ್ತಂತೆ ಕಣ್ರೀ. ಎಣ್ಣೇಲಿ ಹಾಕಿ ತಿಕ್ಕಿದ್ರೂ ಸಾಕಂತೆ" ಎಂದಳು.

ದಿನಾ ಸಂಜೆ ಅತ್ತೆ ಮಗನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ನೀವುತ್ತಿದ್ದರು. ವಾರವಾಗುವಷ್ಟರಲ್ಲಿ ಊತ ಇಳಿಯಿತು, ಲೋಟ ಹಿಡಿಯಲು ಬಂತು. ಸಂತೋಷಪಡಬೇಕಾದವಳು ನಾನು. ಆದರೆ ಒಂದು ಸಂಜೆ ಇವರು ಕಣ್ಣು ಮುಚ್ಚಿಕೊಂಡು, "ಅವ್ವಾ, ಈ ಮಿಲ್ಲು ಸಾಕಾಯ್ತು. ಊರಿಗೇ ಬಂದು ಹೊಲ ನೋಡ್ಕೊಂಡಿರ್ಲಾ?" ಎಂದುಬಿಟ್ಟರು. ಅತ್ತೆ ನಕ್ಕರು. ಅಯ್ಯೋ, ಆ ನಗು! ಬೇರಿನ ಕೆಲಸ ಶುರುವಾಯಿತು ಎಂದೇ ತಿಳಿದೆ. ವಶವಾದ ಮಗ ಮಗ್ಗ ಬಿಟ್ಟು ತಾನಾಗಿ ಊರಿಗೆ ಬರುತ್ತಾನೆ, ಈಕೆಗೆ ಬೇಕಾದದ್ದೂ ಅದೇ ಎಂದು ಮನಸ್ಸಿನಲ್ಲೇ ತೀರ್ಪು ಬರೆದೆ.

ಮರುದಿನ ಅತ್ತೆ ಬಟ್ಟೆ ಒಗೆಯಲು ಕೂತಿದ್ದಾಗ ಸೀಸೆಯ ಎಣ್ಣೆಯನ್ನೆಲ್ಲ ಹುರುಳಿ ಹೊಲಕ್ಕೆ ಸುರಿದೆ. ನುಗ್ಗೆಸೊಪ್ಪು ಹಾಕಿ ಎಳ್ಳೆಣ್ಣೆ ಕಾಯಿಸಿ, ಅದೇ ಹಸಿರು ಬಣ್ಣ ಬರಿಸಿ, ಸೀಸೆ ತುಂಬಿಟ್ಟೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಸಂಜೆ ಅತ್ತೆ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡವರು ಒಂದು ಗಳಿಗೆ ತಡೆದರು. ಮೂಗಿನ ಹತ್ತಿರ ಒಯ್ದರು. ನನ್ನ ಕಡೆ ತಿರುಗಿ, "ಎಣ್ಣೆ ಸಾಲದು ಅನ್ಸುತ್ತೆ. ಊರಿಗೆ ಹೋಗಿ ಇನ್ನಷ್ಟು ಬಳ್ಳಿ ತರ್ಲೇನಮ್ಮ?" ಎಂದು ಕೇಳಿದರು.

"ಯಾಕತ್ತೆ? ಸೀಸೆ ತುಂಬಾ ಇದೆಯಲ್ಲ" ಎಂದೆ.

ಅವರು ಮಗನ ಕೈ ನೀವತೊಡಗಿದರು. ನಾಲ್ಕು ದಿನ ಬಿಟ್ಟು ಮತ್ತೆ ಅದನ್ನೇ ಕೇಳಿದರು. ಆಗಲೂ ನಾನು ಬೇಡವೆಂದೆ.

ಕೈ ಲೋಟ ಹಿಡಿಯುವಲ್ಲಿಗೇ ನಿಂತುಹೋಯಿತು. ತಿಂಗಳು ತುಂಬಿದ ದಿನ ಯಜಮಾನರು ಮಿಲ್ಲಿಗೆ ಹೋದರು. ಗಂಟು ಹಾಕಲು ಬೆರಳು ಕೂಡಲಿಲ್ಲವಂತೆ. ಮಗ್ಗ ಬೇರೆಯವನ ಪಾಲಾಯಿತು, ಇವರನ್ನು ಗೇಟಿನಲ್ಲಿ ಒಳಬರುವವರ ಚೀಟಿ ನೋಡುವ ಕೆಲಸಕ್ಕೆ ಹಾಕಿದರು. ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಊರಿಗೆ ಹೋಗೋಣ ಎಂಬ ಮಾತನ್ನು ಮತ್ತೆ ಎತ್ತಲಿಲ್ಲ. ನೋವಿನಲ್ಲಿ ಬಾಯಿಗೆ ಬಂದ ಮಾತಾಗಿತ್ತು, ಅಷ್ಟೇ.

ಅತ್ತೆ ಹೊರಟ ದಿನ ಬಸ್ಸಿನವರೆಗೆ ಬಿಡಲು ಹೋಗಿದ್ದೆ. ದಾರಿಯಲ್ಲಿ ಅವರೇ ಬಾಯಿಬಿಟ್ಟರು. "ನುಗ್ಗೆಸೊಪ್ಪಿನ ವಾಸನೆ ನಂಗೆ ತಿಳಿಯಲ್ವೇನೇ? ಎರಡು ಸಲ ಕೇಳ್ದೆ. ಹೂಂ ಅಂದಿದ್ರೆ ಅವತ್ತೇ ಓಡಿಹೋಗಿ ತರ್ತಿದ್ದೆ."

ನಾನು ಅಲ್ಲೇ ನಿಂತೆ. "ಅವರಿಗೆ ಯಾಕೆ ಹೇಳ್ಲಿಲ್ಲ ಅತ್ತೆ?"

"ಹೇಳಿದ್ರೆ ಅವನು ನಿನ್ನ ಜೊತೆ ಬಾಳ್ತಿದ್ನಾ?" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು. "ನೀನೂ ಹೇಳ್ಬೇಡ."

ಮೂಳೆ ಕೂಡಿದ ರೀತಿಯೇ ಹಾಗೆ, ಯಾವ ಎಣ್ಣೆಯಿಂದಲೂ ಏನೂ ಆಗುತ್ತಿರಲಿಲ್ಲ ಎಂದು ಡಾಕ್ಟರೊಬ್ಬರು ಮುಂದೆ ಹೇಳಿದರು. ನಂಬಿದ್ದರೆ ನೆಮ್ಮದಿಯಾಗಿರುತ್ತಿದ್ದೆ. ನಂಬುವ ಜಾತಿ ನನ್ನದಲ್ಲವಲ್ಲ!

ಅತ್ತೆಯನ್ನು ಬಸ್ಸು ಹತ್ತಿಸಿ ಬಂದ ಸಂಜೆ ಯಜಮಾನರು ಸೀಸೆ ತಂದು ನನ್ನ ಮುಂದಿಟ್ಟು ಕೈ ಚಾಚಿದರು. "ಅವ್ವ ಅಷ್ಟು ದೂರದಿಂದ ಹೊತ್ಕೊಂಡು ಬಂದು ಮಾಡಿದ್ದು ಕಣೇ, ದಂಡ ಆಗ್ಬಾರ್ದು. ಇನ್ಮೇಲೆ ನೀನೇ ಹಚ್ಚು" ಎಂದರು. ಸೀಸೆ ಖಾಲಿಯಾಗುವವರೆಗೆ ದಿನಾ ಸಂಜೆ ಹಚ್ಚಿದೆ.