ಕಾರಿನ ಹಣೆಗೆ ಸುರಿದ ನೀರು

ಸ್ಕ್ರೂಡ್ರೈವರ್ ಕಾರಿನ ನೆಲದೊಳಗೆ ಹಿಡಿಯವರೆಗೂ ಇಳಿದುಹೋಯಿತು. ತಗಡು ತಡೆಯಲೇ ಇಲ್ಲ, ನೆನೆದ ಹಪ್ಪಳದ ಹಾಗೆ ದಾರಿ ಬಿಟ್ಟಿತು. ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತಿದ್ದ ನಾನು "ಮೈ ಗಾಡ್" ಅಂದೆ. ಮೇಸ್ತ್ರಿ ಇನ್ನೊಂದು ಕಡೆ ಚುಚ್ಚಿದರು. ಅಲ್ಲೂ ಅಷ್ಟೆ.

ಮೇಸ್ತ್ರಿ ಮದ್ದೂರಿನವರು. ಅಲ್ಲಿ ಅವರ ತಂದೆಯ ಕಾಲದಿಂದಲೂ ಗ್ಯಾರೇಜ್ ಇದೆ. ಹಳೆಯ ಕಾರುಗಳೆಂದರೆ ಅವರಿಗೆ ಪ್ರಾಣ. ಭಾನುವಾರ ಅಂಗಡಿಗೆ ರಜಾ ಹಾಕಿ ಮಂಡ್ಯದ ನಮ್ಮ ಮನೆಗೇ ಬರುತ್ತಾರೆ. ಮನೆಯ ಮಗ್ಗುಲಿನ ಶೀಟ್ ಹೊದಿಸಿದ ಶೆಡ್ಡೇ ನಮ್ಮ ವರ್ಕ್‌ಶಾಪ್, ಎಪ್ಪತ್ತೆರಡು ವರ್ಷದ ನಾನೇ ಅಸಿಸ್ಟೆಂಟ್. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಡೀಸೆಲ್‌ನಲ್ಲಿ ತೊಳೆದು, ವೈರ್ ಬ್ರಷ್ಷಿನಿಂದ ಉಜ್ಜಿ, ಖಾಲಿ ಐಸ್‌ಕ್ರೀಂ ಡಬ್ಬಿಗಳಿಗೆ ಹಾಕಿ ಲೇಬಲ್ ಅಂಟಿಸುವುದು ನನ್ನ ಕೆಲಸ. ಈ ಹುಚ್ಚು ಹಿಡಿಸಿದವರು ಕಾನ್ವೆಂಟಿನಲ್ಲಿ ಸೈನ್ಸ್ ಕಲಿಸುತ್ತಿದ್ದ ಸಿಸ್ಟರ್. ಬಿಳಿ ನಿಲುವಂಗಿಯ ತೋಳು ಮಡಚಿ ಸ್ಕೂಲ್ ವ್ಯಾನಿನ ಬಾನೆಟ್ ಎತ್ತಿಕೊಂಡು ನಿಲ್ಲುತ್ತಿದ್ದರು. ಸ್ಪಾರ್ಕ್ ಪ್ಲಗ್ ಕ್ಲೀನ್ ಮಾಡಲು ನಾನು ಕಲಿತದ್ದು ಅವರಿಂದ. ರೆಕಾರ್ಡ್ ಬುಕ್ಕಿನಲ್ಲಿ ಗೆರೆ ಎಳೆಸಿ ಒಂದು ಕಡೆ ಕಾಸ್, ಇನ್ನೊಂದು ಕಡೆ ಎಫೆಕ್ಟ್ ಎಂದು ಬರೆಸುತ್ತಿದ್ದರು. ಬರೆಯುವ ಮೊದಲು ಕಣ್ಣಾರೆ ನೋಡಿರಬೇಕು ಎಂಬುದು ಅವರ ರೂಲ್.

ಕಾರು ನಮ್ಮವರದು. ಅವರು ಹೋಗಿ ಒಂಬತ್ತು ವರ್ಷವಾಯಿತು. ಕಾರು ನಿಂತು ಹದಿನೆಂಟು. ಕಣ್ಣು ಇನ್ನೂ ನೆಟ್ಟಗಿರುವಾಗ ಒಂದು ಸಲ ಅದನ್ನು ರೋಡಿಗೆ ಇಳಿಸಬೇಕು ಎಂದು ನನ್ನ ಆಸೆ.

ನೆಲ ತುಕ್ಕು ಹಿಡಿದಿರುತ್ತದೆ ಎಂಬುದು ಗೊತ್ತಿದ್ದದ್ದೇ. ಇಷ್ಟು ಎಂದು ಗೊತ್ತಿರಲಿಲ್ಲ. ಯಾರಿಂದ ಹಾಗಾಯಿತು ಎಂಬುದರಲ್ಲಂತೂ ನನಗೆ ಡೌಟೇ ಇರಲಿಲ್ಲ. ನನ್ನ ಮೈದುನನಿಂದ.

ನಮ್ಮವರ ಈ ತಮ್ಮ ಮಳವಳ್ಳಿ ಹತ್ತಿರದ ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದಾನೆ. ಹದಿನೆಂಟು ವರ್ಷದ ಹಿಂದೆ ತನ್ನ ಮನೆಯ ಬೀಗರೂಟಕ್ಕೆ ಬೀಗರನ್ನು ಕರೆತರಬೇಕೆಂದು ಕಾರು ಕೇಳಿ ತೆಗೆದುಕೊಂಡು ಹೋದ. ಬರುವಾಗ ಶಿಂಷಾ ಹೊಳೆಯ ತಗ್ಗು ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಸುತ್ತಿಕೊಂಡು ಹೋದರೆ ಬಾಡು ಆರಿಹೋಗುತ್ತದೆ ಎಂದು ಬೀಗರು ಗೊಣಗಿದರಂತೆ. ಇವನು ಆ ನೀರಿಗೇ ಕಾರು ಇಳಿಸಿ ದಾಟಿಸಿಬಿಟ್ಟ. ಬಾಗಿಲ ಅರ್ಧದವರೆಗೆ ನೀರು ಬಂದಿತ್ತಂತೆ.

ಅಲ್ಲಿಂದ ಮುಂದೆ ಕಾರಿನ ನೆಲ ಒಣಗಲೇ ಇಲ್ಲ. ಮ್ಯಾಟ್ ಎತ್ತಿ ಬಿಸಿಲಿಗೆ ಹಾಕುತ್ತಿದ್ದೆವು. ಕಾರು ತೊಳೆದ ಮಾರನೆಯ ದಿನ ಮತ್ತೆ ತೇವ, ಮತ್ತೆ ಕೊಳೆತ ವಾಸನೆ. ಕೆಲವು ತಿಂಗಳಿಗೆ ವೈರಿಂಗ್ ಶಾರ್ಟ್ ಆಗಿ ನಿಂತೇಹೋಯಿತು. "ಹಳೇ ಗಾಡಿ, ಬುಡು" ಎಂದರು ನಮ್ಮವರು. ನಾನು ಬಿಡಲಿಲ್ಲ. ಹಬ್ಬದ ದಿನ ನಮ್ಮ ಮನೆಯಲ್ಲಿ ಎಲ್ಲರೂ ಸಾಲಾಗಿ ಊಟಕ್ಕೆ ಕೂತಿದ್ದಾಗ, ಎಲೆಯ ಮುಂದಿದ್ದ ಮೈದುನನಿಗೆ ಒಂದು ಮಾತು ಅಂದೆ. ಇಂಗ್ಲಿಷಿನಲ್ಲಿ ಅಂದೆ. ಯಾವ ಮಾತೆಂದು ಆಮೇಲೆ ನನಗೇ ಮರೆತುಹೋಯಿತು. ಅವನು ಎಲೆ ಮಡಚಿ ಎದ್ದುಹೋದದ್ದು ಮಾತ್ರ ನೆನಪಿದೆ.

ಮತ್ತೆ ಅವನು ನಮ್ಮ ಗೇಟು ದಾಟಲಿಲ್ಲ. ಅಣ್ಣ ತೀರಿಕೊಂಡ ದಿನ ಬಂದವನು ಕಾಂಪೌಂಡಿನ ಆಚೆ ಬೇವಿನ ಮರದ ಕೆಳಗೆ ನಿಂತಿದ್ದು, ಹೆಣ ಎತ್ತಿದ ಮೇಲೆ ಹಿಂದೆಯೇ ನಡೆದ. ಒಳಗೆ ಬಾ ಎಂದು ನಾನು ಕರೆಯಲಿಲ್ಲ. ಆದರೂ ಪ್ರತಿ ಆಯುಧಪೂಜೆಗೆ ಮಳವಳ್ಳಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಚೀಲ ಚೆಂಡು ಹೂವು ಬರುತ್ತಿತ್ತು. ಅವನ ಹೊಲದ್ದು, ಕಾರಿಗೆ ಹಾಕಲು. ತಪ್ಪು ಮಾಡಿದವನು ಕಳಿಸುತ್ತಾನೆ, ಕಳಿಸಲಿ ಎಂದುಕೊಂಡು ಇಳಿಸಿಕೊಳ್ಳುತ್ತಿದ್ದೆ. ಒಂದು ಥ್ಯಾಂಕ್ಸ್ ಹೇಳಿಕಳಿಸಿದವಳಲ್ಲ.

ಇದೆಲ್ಲ ಮೇಸ್ತ್ರಿಗೆ ಮೊದಲೇ ಹೇಳಿದ್ದೆ. ಅದಕ್ಕೇ ಇರಬೇಕು, ಆ ಭಾನುವಾರ ಕಾರಿನ ಅಡಿಗೆ ತೂರಿಕೊಂಡು ಬಹಳ ಹೊತ್ತು ಅಲ್ಲೇ ಮಲಗಿದ್ದರು.

"ಅಮ್ಮಾ, ಹೊಳೆ ನೀರು ಕೆಳಗಿಂದ ತಾನೆ ಬರಾದು?" ಕೆಳಗಿನಿಂದಲೇ ಕೇಳಿದರು.

"ಹೌದು. ಯಾಕೆ?"

"ಕೆಳಗೆ ಬಳ್ದಿರೋ ಡಾಂಬರು ಹಂಗೇ ಅದೆ ಕಣಮ್ಮ. ಡಾಂಬರು ಒಂದೇ ಉಳ್ದಿರಾದು. ತಗಡ ಒಳಗಡೆಯಿಂದ ತಿಂದದೆ. ಇದು ಮ್ಯಾಲಿಂದ ಬಂದಿರೋ ನೀರು."

"ಶೆಡ್ಡಿನಲ್ಲಿ ನಿಂತ ಕಾರಿಗೆ ಮೇಲಿಂದ ನೀರು ಎಲ್ಲಿಂದ ಬರಬೇಕು ಮೇಸ್ತ್ರಿ?" ಎಂದೆ, ತುಸು ಜಂಬದಲ್ಲೇ.

ಅವರು ಎದ್ದು ಬಂದು ಬಾನೆಟ್ ತೆರೆದರು. ಮುಂದಿನ ಗಾಜಿನ ಬುಡದಲ್ಲಿ, ಗಾಳಿ ಒಳಗೆ ಹೋಗಲೆಂದು ಸೀಳು ಸೀಳಾದ ಒಂದು ಜಾಲರಿ ಇರುತ್ತದೆ. ಅದರ ಕೆಳಗೆ ತೊಟ್ಟಿಯಂಥ ಸಣ್ಣ ಜಾಗ. ಅಲ್ಲಿ ಬಿದ್ದ ನೀರು ಎರಡು ತೂತುಗಳಿಂದ ಇಳಿದು ಮುಂದಿನ ಚಕ್ರಗಳ ಹಿಂದೆ ನೆಲಕ್ಕೆ ಹೋಗಬೇಕು. ಮೇಸ್ತ್ರಿ ಜಾಲರಿ ಬಿಚ್ಚಿ ಕೈ ಹಾಕಿದರು. ತೂತು ಸಿಗಲಿಲ್ಲ. ಸ್ಕ್ರೂಡ್ರೈವರಿನಿಂದ ಮೀಟಿ, ಬೆರಣಿಯಂಥ ಒಂದು ಕಪ್ಪು ಹೆಂಟೆಯನ್ನು ಇಡಿಯಾಗಿ ಎತ್ತಿ ನನ್ನ ಮುಂದೆ ಹಿಡಿದರು. ಚೆಂಡು ಹೂವಿನ ಎಸಳು, ಊದುಬತ್ತಿಯ ಕಡ್ಡಿಗಳು, ಅಕ್ಷತೆ, ಕುಂಕುಮ, ಒಣಗಿ ಗೋಲಿಯಾದ ಒಂದು ನಿಂಬೆಹಣ್ಣು.

"ಕಾರ್ ನಿಲ್ಸಿದ್ರೋ, ಇಲ್ಲಿ ಗುಡಿ ಕಟ್ಸಿದ್ರೋ?" ಎಂದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು.

ಕಾರು ಕೊಂಡ ವರ್ಷದಿಂದ ಅದಕ್ಕೆ ಪೂಜೆ ಮಾಡುತ್ತ ಬಂದವಳು ನಾನು. ಎಲ್ಲರ ಹಾಗೆ ಚಕ್ರದಡಿಗೆ ನಿಂಬೆಹಣ್ಣು, ಬಾನೆಟ್ಟಿಗೆ ಹಾರ, ಪಕ್ಕದಲ್ಲಿ ಬಾಳೆಕಂದು. ಜೊತೆಗೆ ನನ್ನದೇ ಒಂದು ಪದ್ಧತಿ ಸೇರಿಸಿಕೊಂಡಿದ್ದೆ. ಆ ಜಾಲರಿ ಕಾರಿನ ಹಣೆ ಎಂದು ನನ್ನ ಭಾವನೆ. ಹೂವಿನ ತೊಟ್ಟು ಸಿಕ್ಕಿಸಲು, ಊದುಬತ್ತಿ ನಿಲ್ಲಿಸಲು ಅದರ ಸೀಳುಗಳು ಹೇಳಿ ಮಾಡಿಸಿದ ಹಾಗಿದ್ದವು. ಕಾಯಿ ಒಡೆದ ನೀರು, ಕಳಶದ ನೀರು ಎರಡನ್ನೂ ಕೊನೆಗೆ ಆ ಹಣೆಗೇ ಸುರಿಯುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದವಳಿಗೆ ಪೂಜೆ ಗೀಜೆ ಏನು ಬಂದೀತು ಎಂದು ಮದುವೆಯಾದ ಹೊಸದರಲ್ಲಿ ಅತ್ತೆಯವರು ಅಂದಿದ್ದರು. ಅದಕ್ಕೇ ಯಾವ ವರ್ಷವೂ ಒಂದು ಹನಿ ಕಡಿಮೆ ಮಾಡಿದವಳಲ್ಲ. ಕಾರು ನಿಂತ ಮೇಲಂತೂ ಇನ್ನೂ ಒಂದು ಚೊಂಬು ಜಾಸ್ತಿ.

ಆದರೂ ಆರ್ಗ್ಯೂ ಮಾಡಿದೆ. "ಇದೆಲ್ಲ ಹೊಳೆಗೆ ಇಳಿಸಿದ ಮೇಲಿನದು ಮೇಸ್ತ್ರಿ. ಅವನು ಕಳಿಸಿದ ಹೂವು. ಕಾರು ಕೆಟ್ಟದ್ದು ಅದಕ್ಕೆ ಮುಂಚೆ."

ಅವರು ಹೆಂಟೆಯನ್ನು ಎರಡು ಹೋಳು ಮಾಡಿದರು. ಎಲ್ಲಕ್ಕಿಂತ ಅಡಿಯಲ್ಲಿ, ಕಲ್ಲಿನಂತೆ ಗಟ್ಟಿಯಾದ ಪದರದಲ್ಲಿ, ಏನೋ ಮಿಣುಕಿತು. ಬೆರಳಿಗೆ ಎಂಜಲು ಹಚ್ಚಿ ಉಜ್ಜಿದರು. ಬೆಳ್ಳಿ ಬಣ್ಣದ ಮಿಂಚಿನ ಪಟ್ಟಿಯ ಚೂರು.

"ಇದ್ಯಾವ ಹಬ್ಬದ್ದು?"

ಹಬ್ಬದ್ದಲ್ಲ. ನನ್ನ ಮಗಳ ಮದುವೆಯದು. ಹುಡುಗಿ ಗಂಡನ ಮನೆಗೆ ಹೊರಟ ದಿನ ಕಾರಿಗೆಲ್ಲ ಆ ಪಟ್ಟಿ ಸುತ್ತಿದ್ದೆವು. ಮೊದಲೂ ಕೊನೆಯೂ ಅದೊಂದೇ ಸಲ.

"ಹೊಳೆಗೆ ಇಳ್ಸಿದ್ದು ಯಾವಾಗಮ್ಮಾ?"

"ಮದುವೆಯ ಮಾರನೆಯ ವರ್ಷ."

"ಸರೋಯ್ತು. ಮದ್ವೆ ಕಾಲಕ್ಕೇ ತೂತು ಕಟ್ಕೊಂಡಿತ್ತು. ತೊಳ್ದಾಗೆಲ್ಲ ನೀರು ಒಳೀಕೆ ಇಳ್ದದೆ. ನೀವು ಮ್ಯಾಟ್ ಎತ್ತಿ ನೋಡಿರಾದು ಹೊಳೆ ಆದ್ಮೇಲೆ. ಪಾಪ, ಹೊಳೆಗೆ ಇಳ್ಸಿದೋರು ಮಧ್ಯದಲ್ಲಿ ಸಿಕ್ಕಾಕೊಂಡವ್ರೆ ಅಷ್ಟೇಯ."

ಕೈಯಲ್ಲಿದ್ದ ಟಾರ್ಚ್ ಆರಿಸಲೂ ಮರೆತು ಹಳೆಯ ಟೈರಿನ ಮೇಲೆ ಕೂತೆ. ಕಾಸ್ ಎಂಬ ಕಡೆ ಹೊಳೆ ಎಂದು ಬರೆದಿಟ್ಟು ಹದಿನೆಂಟು ವರ್ಷ ಆ ಪುಟವನ್ನು ನಾನು ಮತ್ತೆ ತೆರೆದಿರಲಿಲ್ಲ. ನೋಡದೆ ಬರೆದಿದ್ದೆ. ಮುಂದಿನ ಗಾಜಿನ ಕೆಳಗೆ ಕೈ ಹಾಕಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಮೇಸ್ತ್ರಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟರು.

"ಹೊಸಾ ತಗಡು ಹೊಡ್ದು ವೆಲ್ಡ್ ಮಾಡುದ್ರಾಯ್ತು, ಇದ್ಕೆ ಯಾಕೆ ಹಿಂಗ್ ಕೂತ್ಬುಟ್ರಿ?"

"ತಗಡಿನ ಮಾತಲ್ಲ ಮೇಸ್ತ್ರಿ. ಅವನಿಗೆ ಹೇಳಬೇಕಲ್ಲ. ಕಾರು ರೆಡಿಯಾಗಲಿ, ಅದರಲ್ಲೇ ಹೋಗಿ ಹೇಳುತ್ತೇನೆ."

"ಅಲ್ಲೀ ತಂಕ ಆ ಯಜಮಾನ್ರು ಏನ್ ಮಾಡ್ಬೇಕು? ನಮ್ ವೆಲ್ಡಿಂಗ್ ಕಾಯ್ಕೊಂಡ್ ಕೂತ್ಕೋಬೇಕಾ?"

ಮಂಗಳವಾರ ಆ ಹೆಂಟೆಯ ಎರಡು ಹೋಳನ್ನೂ ಸ್ಟೀಲ್ ಟಿಫಿನ್ ಬಾಕ್ಸಿಗೆ ಹಾಕಿಕೊಂಡು ಮಳವಳ್ಳಿ ಬಸ್ಸು ಹತ್ತಿದೆ. ಗೆಜ್ಜಲಗೆರೆಯಲ್ಲಿ ಫ್ಯಾಕ್ಟರಿ ಜನ ಇಳಿದ ಮೇಲೆ ಸೀಟು ಸಿಕ್ಕಿತು. ಬಾಕ್ಸನ್ನು ತೊಡೆಯ ಮೇಲಿಟ್ಟುಕೊಂಡು, ಹೇಳಬೇಕಾದ್ದನ್ನು ಪರೀಕ್ಷೆಗೆ ಹೋಗುವ ಹುಡುಗಿಯ ಹಾಗೆ ಮನಸ್ಸಿನಲ್ಲೇ ಒಪ್ಪಿಸುತ್ತ ಹೋದೆ. ಮಳವಳ್ಳಿಯಿಂದ ಹಳ್ಳಿಗೆ ಆಟೋ.

ಮೈದುನ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ನನ್ನನ್ನು ಕಂಡವನೇ ಎದ್ದು ನಿಂತ.

"ಯಾರ್ ಓದ್ರು ಅತ್ಗೆ?"

ನಾನು ಅವನ ಮನೆಗೆ ಬರಬೇಕಾದರೆ ಯಾರಾದರೂ ಸತ್ತಿರಲೇಬೇಕು ಎಂದು ಅವನಿಗೆ ಅನ್ನಿಸಿತ್ತು.

"ಯಾರೂ ಹೋಗಿಲ್ಲ ಕಣಪ್ಪ. ನಿನ್ನ ಹತ್ತಿರ ಮಾತಾಡಬೇಕು."

ಟವಲಿನಿಂದ ಕುರ್ಚಿ ಕೊಡವಿ ಹಾಕಿದ. ಬಾಕ್ಸ್ ಕೊಟ್ಟೆ. "ಒಬ್ಬಟ್ಟಾ?" ಎಂದು ಮುಚ್ಚಳ ತೆಗೆದು, ಒಳಗೆ ನೋಡಿ, ಮತ್ತೆ ನನ್ನನ್ನು ನೋಡಿದ. ಒಪ್ಪಿಸಿಕೊಂಡು ಬಂದದ್ದೆಲ್ಲ ಹಿಂದುಮುಂದಾಗಿ, ಅರ್ಧ ಇಂಗ್ಲಿಷಿನಲ್ಲೇ ಬಂತು. ಜಾಲರಿ, ತೂತು, ನನ್ನ ಚೊಂಬು, ಮದುವೆಯ ಪಟ್ಟಿ. ಅವನು ಕಳಿಸುತ್ತಿದ್ದ ಹೂವೂ ಅದರಲ್ಲಿ ಸೇರಿದೆ ಎಂಬುದನ್ನು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಅವನು ಒಂದು ಹೋಳನ್ನು ಕೈಗೆತ್ತಿಕೊಂಡು ಎಸಳುಗಳನ್ನು ಉಗುರಿನಿಂದ ಬಿಡಿಸುತ್ತಿದ್ದ. ಕೊನೆಗೆ ಮಿಂಚಿನ ಚೂರಿನ ಮೇಲೆ ಹೆಬ್ಬೆಟ್ಟು ಇಟ್ಟ.

"ಅಂಗಾರೆ ನಾನಲ್ವಾ?"

"ನೀನಲ್ಲ. ನಾನು."

ಹೋಳನ್ನು ಮತ್ತೆ ಬಾಕ್ಸಿಗಿಟ್ಟ. ಕೊಟ್ಟಿಗೆಯಲ್ಲಿ ಎಮ್ಮೆಯ ಕೊರಳಗಂಟೆ ಕೇಳುತ್ತಿತ್ತು.

"ಅವತ್ತು ಎಲೆ ಮುಂದೆ ಒಂದ್ ಮಾತಂದ್ರಿ," ಎಂದ. "ಇರ್ರೆಸ್ಪಾನ್ಸಿಬಲ್ ಅಂತ. ಮರ್ತೋಗ್ಬಾರ್ದು ಅಂತ ಬಸ್ಸಲ್ಲಿ ಬಾಯಲ್ಲೇ ಯೇಳ್ಕಂಡ್ ಬಂದೆ. ಇಸ್ಕೂಲ್ ಮೇಷ್ಟ್ರ ತಾವು ಕೇಳ್ದೆ. ಅರ್ಥ ಯೇಳುದ್ರು."

ನಾನು ಉಚ್ಚರಿಸುವ ಹಾಗೆಯೇ, ಸಿಸ್ಟರ್ ನಮಗೆ ತಿದ್ದಿ ಕಲಿಸಿದ ಹಾಗೆಯೇ, ಒಂದು ಅಕ್ಷರ ಜಾರದೆ ಹೇಳಿದ. ನನಗೆ ಮರೆತುಹೋಗಿದ್ದ ಮಾತು.

"ಆಮ್ಯಾಕೆ ನಾನು ಸ್ಟೇರಿಂಗ್ ಮುಟ್ಟಿಲ್ಲ ಅತ್ಗೆ. ನಮ್ ಟ್ರಾಕ್ಟ್ರೂವೆ ಬ್ಯಾರೇಯೋರೇ ಓಡ್ಸಾದು. ಹೊಲ್ದಲ್ಲಿ ಎಲ್ರೂ ನಗ್ತಾರೆ. ನಗ್ಲಿ ಅಂತ ಸುಮ್ಕಿದ್ದೆ."

ಇದು ನನಗೆ ಗೊತ್ತೇ ಇರಲಿಲ್ಲ. ಯಾರೂ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಮಂಡ್ಯ ಮಳವಳ್ಳಿ ರಸ್ತೆಯಲ್ಲಿ ಇವನಷ್ಟು ಚೆನ್ನಾಗಿ ಗಾಡಿ ಓಡಿಸುವವರು ಇಲ್ಲ ಎಂದು ನಮ್ಮವರು ಹೇಳಿಕೊಳ್ಳುತ್ತಿದ್ದರು. ಸಾರಿ ಎನ್ನುವುದು ನನಗೆ ಬಹಳ ಸುಲಭ, ಬಸ್ಸಿನಲ್ಲಿ ಕಾಲು ತುಳಿದರೂ ಅನ್ನುತ್ತೇನೆ. ಅದು ಬಾಯಿಯವರೆಗೆ ಬಂದಾಗ ನುಂಗಿಕೊಂಡು, "ತಪ್ಪಾಯ್ತು ಕಣಪ್ಪ" ಎಂದೆ.

ಅವನು ಬಾಕ್ಸ್ ಮುಚ್ಚಿ ಪಕ್ಕದಲ್ಲಿಟ್ಟುಕೊಂಡ. "ಇದು ಇಲ್ಲೇ ಇರ್ಲಿ. ನೀವು ಉಣ್ಣಿ, ಮುದ್ದೆ ಬಿಸಿ ಅದೆ" ಎಂದು ಎದ್ದು ಎಮ್ಮೆ ಬಿಚ್ಚಿಕೊಂಡು ಹೊಲದ ಕಡೆ ಹೋದ. ನಾನು ಒಬ್ಬಳೇ ಕೂತು ಉಂಡೆ. ಬಸ್ಸಿನ ಹೊತ್ತಾಗುವವರೆಗೂ ಅವನು ಹಿಂದಿರುಗಲಿಲ್ಲ.

ಅದಾಗಿ ನಾಲ್ಕನೆಯ ಭಾನುವಾರ. ಹೊಸ ತಗಡು ಕೂತಿತ್ತು, ತೂತುಗಳನ್ನು ಮೇಸ್ತ್ರಿ ತಂತಿ ಹಾಕಿ ತೆರೆದಿದ್ದರು. ಗೇಟಿನ ಚಿಲಕ ಸದ್ದಾಯಿತು. ಮೈದುನ. ಕೈಯಲ್ಲಿ ನನ್ನ ಟಿಫಿನ್ ಬಾಕ್ಸ್, ತೊಳೆದು ಒರೆಸಿದ್ದು. ಒಂದು ಗಳಿಗೆ ಅಲ್ಲೇ ನಿಂತು, ಆಮೇಲೆ ಒಳಗೆ ಬಂದ.

ಯಾರೆಂದು ಮೇಸ್ತ್ರಿಗೆ ನಾನು ಹೇಳಬೇಕಾಗಲಿಲ್ಲ. "ಬನ್ನಿ ಯಜಮಾನ್ರೆ, ನಿಮ್ ಕೇಸು ಖುಲಾಸೆ ಆಗದೆ" ಎಂದರು.

"ಜಡ್ಜು ನೀವಾ?"

"ನಾನ್ ಬರೀ ಸಾಕ್ಷಿ."

"ಸಾಕ್ಷಿ ಮಾತ್ ಕೇಳ್ಕಂಡೇ ಹದ್ನೆಂಟು ವರ್ಸ ಓಯ್ತು. ನಾನೇ ನೋಡ್ಬೇಕು. ಒಂದ್ ಚೊಂಬು ನೀರ್ ಕೊಡಿ ಅತ್ಗೆ."

ನಾನು ಅವಸರದಲ್ಲಿ ಒಳಗೆ ಹೋಗಿ ಕೈಗೆ ಸಿಕ್ಕಿದ್ದನ್ನು ತುಂಬಿಸಿ ತಂದೆ. ಕೊಡುವಾಗಲೇ ನೋಡಿದ್ದು, ಅದು ಪೂಜೆಯ ಹಿತ್ತಾಳೆ ಚೊಂಬು. ಅವನೂ ಅದನ್ನು ನೋಡಿದ, ಗುರುತು ಹಿಡಿದ. ಜಾಲರಿಯ ಮೇಲೆ, ಕಾರಿನ ಹಣೆಗೆ, ನಿಧಾನವಾಗಿ ಸುರಿದ. ನಂತರ ಟವಲು ಹಾಸಿ ಮುಂದಿನ ಚಕ್ರದ ಪಕ್ಕದಲ್ಲಿ ಅಡ್ಡಾದ. ಚಕ್ರದ ಹಿಂದಿನಿಂದ ನೀರು ಸಣ್ಣ ದಾರದ ಹಾಗೆ ಸಿಮೆಂಟಿನ ಮೇಲೆ ಬಿತ್ತು. ಅದರಡಿಗೆ ಅಂಗೈ ಒಡ್ಡಿದ.

"ಇನ್ನೊಂದ್ ಚೊಂಬು," ಎಂದ. ಈ ಸಲ ನಾನು ತಂದದ್ದನ್ನು ಮೇಸ್ತ್ರಿ ಸುರಿದು ಚೊಂಬನ್ನು ಅವನ ಪಕ್ಕ ಇಟ್ಟರು. ಅವನು ಅದನ್ನೂ ಎತ್ತಿಕೊಂಡು ಆ ಕಡೆಯ ಚಕ್ರಕ್ಕೆ ಹೋಗಿ ಮಲಗಿ ನೋಡಿದ. ಅಲ್ಲೂ ಬಿತ್ತು.

"ನೀರು ಓಯ್ತದೆ," ಎಂದ ಕೆಳಗಿನಿಂದ. ನನಗೆ ಹೇಳಿದನೋ ಕಾರಿಗೆ ಹೇಳಿದನೋ. ಎದ್ದು ಬರಲಿಲ್ಲ. ಖಾಲಿ ಚೊಂಬನ್ನು ಮಾತ್ರ ನನ್ನ ಕಡೆ ಸರಿಸಿದ. ನಾನು ಮತ್ತೆ ತುಂಬಿಸಿಕೊಂಡು ಬರಲು ಒಳಗೆ ಹೋದೆ.