ಹಳ್ಳದ ಬಾಯಿಯ ಕಪ್ಪು ಕೆಸರು

ಇದು 2022ರ ಬೇಸಿಗೆಯದು ಎಂದು ನನ್ನ ನಂಬಿಕೆ, ಮರುವರ್ಷದ್ದೂ ಇರಬಹುದು. ದಿನಚರಿ ಬರೆಯುವ ರೂಢಿ ನನಗಿದೆ. ಆದರೆ ಆ ವಾರಗಳ ಪುಟಗಳಲ್ಲಿ ಹವಾಮಾನ ಮತ್ತು ತಲೆನೋವಿನ ಹೊರತು ಹೆಚ್ಚೇನೂ ಇಲ್ಲ. ಜನರ ಮಾತುಗಳನ್ನು ನೆನಪಿನಿಂದ ಬರೆಯುತ್ತಿದ್ದೇನೆ. ಒಂದೆರಡು ನನ್ನ ಅನುಕೂಲಕ್ಕೆ ಬಾಗಿದ್ದರೂ ಬಾಗಿರಬಹುದು.

ನನ್ನ ವೃತ್ತಿ ಕೆಸರಿನದು. ಕರಾವಳಿಯ ಅಳಿವೆಗಳಲ್ಲಿ, ನದಿ ಸಮುದ್ರ ಸೇರುವ ಕಡೆ, ತಳದ ಹೂಳಿನಲ್ಲಿರುವ ಸಾವಯವ ಅಂಶ ಎಲ್ಲಿಂದ ಬಂತು, ಹೇಗೆ ಶೇಖರವಾಯಿತು ಎಂದು ಹಲವು ವರ್ಷ ನೋಡಿದ್ದೆ. ಆ ಬೇಸಿಗೆ ಸಂಸ್ಥೆಯವರು ನನ್ನನ್ನು ತವರಿನ ಕಡೆಗೇ ಕಳಿಸಿದರು. ರಬಕವಿ-ಬನಹಟ್ಟಿ ಕಡೆಯಿಂದ ಇಳಿಯುವ ಒಂದು ಹಳ್ಳ ಕೃಷ್ಣೆಯನ್ನು ಸೇರುವಲ್ಲಿ ಹಿನ್ನೀರು ಒಳನುಗ್ಗಿ ಸಣ್ಣ ಕೊಲ್ಲಿಯಂತಾಗಿದೆ. ಅಲ್ಲಿ ಮೀನು ಮತ್ತೆ ಮತ್ತೆ ಸಾಯುತ್ತಿದ್ದವು. ಕೆಸರು ಪರೀಕ್ಷಿಸಿ ಕಾರಣ ಬರೆದುಕೊಡಬೇಕಿತ್ತು.

ತೆಪ್ಪ ನಡೆಸಿದವನು ಅಲ್ಲಿಯೇ ಬಲೆ ಹಾಕಿ ಬದುಕುವ ಯಲ್ಲಪ್ಪ. ತಳಕ್ಕೆ ಉದ್ದನೆಯ ಕೊಳವೆ ಚುಚ್ಚಿ, ಪದರ ಕೆಡದಂತೆ ಕೆಸರನ್ನು ಮೇಲೆತ್ತುವುದನ್ನು ನೋಡಿ ನಕ್ಕ.

“ಬಾಯಾರ, ರಾಡಿ ಬೇಕಂತ ಮದಲ ಹೇಳಿದ್ರ ನಮ್ಮ ಬಲಿ ಝಾಡಿಸಿ ಕೊಡ್ತಿದ್ನೆಲ್ರೀ.”

ಕೊಳವೆಯಿಂದ ಕೊಳೆತ ತತ್ತಿಯ ವಾಸನೆ ಬಂದಾಗ ನಗು ನಿಂತಿತು. “ಅಮಾಸಿ ಬಂತಂದ್ರ ಮೀನ ತೇಲ್ತಾವ್ರೀ. ನಮ್ಮವ್ವ ದೇವಿ ಸಿಟ್ಟಂತಾಳ. ನಾ ಕಾರ್ಖಾನಿ ಸಿಟ್ಟಂತೇನಿ. ನೀವು ಖರೇದ್ದ ಬರೀರಿ, ಅಷ್ಟ ಸಾಕು.”

ಅಮಾವಾಸ್ಯೆ ಎಂದೊಡನೆ ನನಗೆ ಹೊಳೆದದ್ದು ಸಮುದ್ರದ ಉಬ್ಬರ. ಇಲ್ಲಿ ಉಬ್ಬರವೆಲ್ಲಿದೆ? ಮಾತನ್ನು ಅಲ್ಲಿಗೇ ಬಿಟ್ಟೆ.

ಗಿಡಗಳು ಗಾಳಿಯಿಂದ ಇಂಗಾಲ ಹಿಡಿಯುವ ಬಗೆ ಮುಖ್ಯವಾಗಿ ಎರಡು. ಕಬ್ಬು, ಜೋಳಗಳದು ಒಂದು. ಜಾಲಿ, ಬೇವುಗಳಂಥ ಮರಗಳದು ಇನ್ನೊಂದು. ಕೊಳೆತು ಕೆಸರಾದ ಮೇಲೂ ಕಾರ್ಬನ್ ಐಸೊಟೋಪ್ ಪರೀಕ್ಷೆಯಲ್ಲಿ ಆ ಗುರುತು ಸಿಗುತ್ತದೆ. ನಮ್ಮ ಮಾದರಿಗಳಲ್ಲಿ ಬಂದದ್ದು ಹೆಚ್ಚಾಗಿ ಕಬ್ಬಿನ ಗುರುತು. ಸುತ್ತೆಲ್ಲ ಕಬ್ಬು, ಮೇಲೆ ಸಕ್ಕರೆ ಕಾರ್ಖಾನೆ. ವರದಿ ಒಂದೇ ದಿನದಲ್ಲಿ ಮುಗಿಯುವಂತಿತ್ತು.

ಮುಗಿಯಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕೆಳಗಿನ ಹಳೆಯ ಪದರಗಳ ತುಂಬ ಕಬ್ಬಿನ ಒಣ ಎಲೆಯ ನಾರಿತ್ತು. ಮೇಲಿನ ಹೊಸ ಪದರದಲ್ಲಿ ಗುರುತು ಅದೇ, ಆದರೆ ನಾರು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ನಾರಿಲ್ಲದ ಕಬ್ಬು ಯಾವುದು? ಕಾರ್ಖಾನೆಯ ನೀರೇ ಇರಬಹುದು ಎಂದು ಸಮಾಧಾನ ಹೇಳಿಕೊಂಡು ಬನಹಟ್ಟಿಯ ಮನೆಗೆ ಹೋದೆ.

ಅಲ್ಲಿ ಅಪ್ಪನ ತಮ್ಮ, ನನ್ನ ಕಾಕಾನದು ಸಣ್ಣ ಸೈಜಿಂಗ್. ಮಗ್ಗಕ್ಕೆ ಹೋಗುವ ನೂಲಿಗೆ ಗಂಜಿ ಹಿಡಿಸುವ ಕೆಲಸ. ಅಪ್ಪ ತೀರಿದ ಮೇಲೆ ನಾನು ಓದಿದ್ದು ಆ ಗಂಜಿಯ ದುಡಿಮೆಯಲ್ಲಿ. ಒಳಗೆ ಹೋದಾಗ ಕಾಕಾ ಮೊಣಕೈವರೆಗೆ ಬೆಳ್ಳಗಾಗಿ ಗಂಜಿಯ ತೊಟ್ಟಿಯನ್ನು, ಅವರ ಮಾತಲ್ಲಿ ಟಾಕಿಯನ್ನು, ತಿಕ್ಕುತ್ತಿದ್ದರು.

“ಬಾರವಾ ರಾಡಿ ಡಾಕ್ಟರ್! ನಿನ್ನ ರಾಡಿ ಏನಂತೈತಿ?”

“ಇವತ್ತ್ಯಾಕ ತೊಳ್ಯಾಕತ್ತೀರಿ ಕಾಕಾ?”

“ನಾಳೆ ಅಮಾಸಿ ಅಲ್ಲೇನ ಹುಚ್ಚಿ. ಮಗ್ಗ ಬಂದ್, ಪೂಜಿ ಮಾಡಬೇಕು. ಊರಾಗಿನ ಎಲ್ಲಾ ಸೈಜಿಂಗ್‌ನ್ಯಾಗೂ ಇವತ್ತ ಇದ ಕೆಲಸ.”

ಉಳಿದ ಗಂಜಿ ದಪ್ಪನೆಯ ಹಾಲಿನಂತೆ ಗಟಾರದತ್ತ ಹರಿಯುತ್ತಿತ್ತು. ಊರಿನ ಗಟಾರಗಳು ಸೇರುವುದು ಅದೇ ಹಳ್ಳವನ್ನು. ಮೂಲೆಯಲ್ಲಿ ಗೋವಿನಜೋಳದ ಹಿಟ್ಟಿನ ಚೀಲಗಳು. ಗೋವಿನಜೋಳದ ಇಂಗಾಲವೂ ಕಬ್ಬಿನ ಬಗೆಯದೇ. ಐಸೊಟೋಪ್ ಪರೀಕ್ಷೆ ಎರಡನ್ನೂ ಬೇರೆ ಮಾಡಲಾರದು. ಗಂಜಿಯಲ್ಲಿ ನಾರಿರುವುದಿಲ್ಲ. ಅದು ನೀರಿಗಿಳಿದರೆ ಬ್ಯಾಕ್ಟೀರಿಯಾ ಹೆಚ್ಚಿ ಆಮ್ಲಜನಕ ಮುಗಿಯುತ್ತದೆ, ಮೀನು ಉಸಿರುಕಟ್ಟಿ ತೇಲುತ್ತವೆ. ಅಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ. ಕಾಕಾನ ಹೆಂಡತಿ, ಕಾಕು, ಎರಡು ಸಲ ಊಟಕ್ಕೆ ಕರೆದದ್ದು ನೆನಪಿದೆ.

ಅನುಮಾನ ಸಾಕ್ಷಿಯಲ್ಲ. ಮೇಲಿನ ಪದರದ ಜೊತೆ ಬೇರೆ ಪರೀಕ್ಷೆಗಳಲ್ಲಿ ಹೋಲಿಸಿ ನೋಡಲು ಗಂಜಿ ನೀರಿನ ಮಾದರಿ ಬೇಕಿತ್ತು. ಅಮಾವಾಸ್ಯೆ ಕಳೆದ ಮರುದಿನದಿಂದ ಊರಿನ ಹಲವು ಸೈಜಿಂಗ್‌ಗಳಿಗೆ ಹೋದೆ. ಚಹಾ ಕೊಟ್ಟರು, ಟಾಕಿಯ ಹತ್ತಿರ ಬಿಡಲಿಲ್ಲ. ಮಾದರಿ ಸಿಗದಿದ್ದರೆ ಬರೀ ಕಬ್ಬಿನ ಹೆಸರಿನಲ್ಲೇ ವರದಿ ಹೋಗುತ್ತದೆ. ಯಲ್ಲಪ್ಪನ ಮೀನು ಮುಂದಿನ ಅಮಾವಾಸ್ಯೆಗೂ ಸಾಯುತ್ತವೆ. ಸಿಕ್ಕರೆ ಮೊದಲು ಬಾಗಿಲು ಹಾಕಬೇಕಾಗುವುದು ಕಾಕಾನದಂಥ ಸಣ್ಣ ಸೈಜಿಂಗ್‌ಗಳೇ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಯಾವ ಯಾವ ಮೂಲಗಳಿರಬಹುದು ಎಂದು ನಾವು ಮೊದಲೇ ಊಹಿಸಿಕೊಂಡು ಹೊರಡುತ್ತೇವೆ. ನಾವು ಊಹಿಸದ ಮೂಲವನ್ನು ಯಂತ್ರ ತಾನಾಗಿ ಹೆಸರಿಸುವುದಿಲ್ಲ. ನನ್ನ ಊಹೆಯೊಳಗೆ ನನ್ನ ಮನೆ ಇರಲಿಲ್ಲ.

ಊರು ಬಿಡುವ ಮುಂಜಾನೆ ಕಾಕಾ ಹೊಸ ನೂಲಿಗೆ ಗಂಜಿ ಕುದಿಸುತ್ತಿದ್ದರು. ಖಾಲಿ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತೆ. ಎಲ್ಲವನ್ನೂ ಹೇಳಿದೆ, ಮೀನು, ಗೋವಿನಜೋಳ, ಅಮಾವಾಸ್ಯೆ. ಅವರು ತಿರುವುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಕೇಳಿದೆ:

“ಕಾಕಾ, ಮದಲನೇ ಸ್ಯಾಂಪಲ್ ನಿಮ್ಮ ಟಾಕಿಯಿಂದನ ತಗೋಳೇನ್ರಿ?”